ಅಗ್ಗಿಷ್ಟಿಕೆಯ ಮರ, ಹೊಲಿಗೆ ಡಬ್ಬಿಯ ಗುಂಡಿ: ಎಲೆಕ್ಟ್ರಿಕ್ ಗಿಟಾರನ್ನು ಮನೆಯಲ್ಲೇ ಕಟ್ಟುವ ಬಗೆ

1963ರ ಆಗಸ್ಟ್‌ನಲ್ಲಿ, ಲಂಡನ್ನಿನ ಪಶ್ಚಿಮ ಅಂಚಿನಲ್ಲಿರುವ ಫೆಲ್ತಮ್ ಎಂಬಲ್ಲಿನ ಒಂದು ಸಾಧಾರಣ ಮನೆಯಲ್ಲಿ, 16 ವರ್ಷದ ಬ್ರಯಾನ್ ಮೇ ಮತ್ತು ಅವರ ತಂದೆ ಹೆರಾಲ್ಡ್ ಮೇ ಎಲೆಕ್ಟ್ರಿಕ್ ಗಿಟಾರ್ ಒಂದನ್ನು ಕಟ್ಟಲು ಕೈಹಾಕಿದರು. ಅಮೆರಿಕದ ಹೆಸರಾಂತ ಗಿಟಾರುಗಳನ್ನು ಕೊಳ್ಳುವಷ್ಟು ಹಣ ಆ ಮನೆಯಲ್ಲಿರಲಿಲ್ಲ. ತಂದೆ ಎಲೆಕ್ಟ್ರಾನಿಕ್ಸ್ ಬಲ್ಲವರು, ಮಗನಿಗೆ ಭೌತಶಾಸ್ತ್ರದ ಹುಚ್ಚು. ಸುಮಾರು ಎರಡು ವರ್ಷ, ಬಹುಪಾಲು ಕೈಉಪಕರಣಗಳಿಂದಲೇ ನಡೆದ ಆ ಕೆಲಸಕ್ಕೆ ತಗುಲಿದ ವೆಚ್ಚ ಸುಮಾರು 8 ಪೌಂಡ್ ಎಂದು ಅವರೇ ಹೇಳಿಕೊಂಡಿದ್ದಾರೆ. ಕಿತ್ತುಹಾಕಿದ್ದ ಹಳೆಯ ಅಗ್ಗಿಷ್ಟಿಕೆಯ ಮಹಾಗನಿ ಗಿಟಾರಿನ ಕತ್ತಾಯಿತು, ಅದರಲ್ಲಿದ್ದ ಹುಳುಕಿನ ತೂತುಗಳನ್ನು ಬೆಂಕಿಕಡ್ಡಿಗಳಿಂದ ಮುಚ್ಚಲಾಯಿತು. ಹಳೆಯ ಮೇಜಿನ ಓಕ್ ಮರ ಒಡಲಿನ ನಡುಭಾಗವಾಯಿತು. ಬೆರಳು ಹಲಗೆಯ ಮೇಲಿನ ಬಿಳಿ ಚುಕ್ಕೆಗಳು ತಾಯಿಯ ಹೊಲಿಗೆ ಡಬ್ಬಿಯಿಂದ ಬಂದ ಮುತ್ತಿನ ಚಿಪ್ಪಿನ ಗುಂಡಿಗಳು. ‘ರೆಡ್ ಸ್ಪೆಷಲ್’ ಎಂದು ಹೆಸರಾದ ಈ ವಾದ್ಯವನ್ನೇ ಬ್ರಯಾನ್ ಮೇ ಮುಂದೆ ‘ಕ್ವೀನ್’ ಎಂಬ ಬ್ರಿಟಿಷ್ ರಾಕ್ ತಂಡದಲ್ಲಿ ದಶಕಗಳ ಕಾಲ ನುಡಿಸಿದರು. 2002ರ ಜೂನ್ 3ರಂದು ಬಕಿಂಗ್‌ಹ್ಯಾಮ್ ಅರಮನೆಯ ಛಾವಣಿಯ ಮೇಲೆ ನಿಂತು ನುಡಿಸಿದ್ದೂ ಇದನ್ನೇ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಗುಂಡಿ ಮತ್ತು ಬೆಂಕಿಕಡ್ಡಿಗಳ ಸೊಗಸಿಗೆ ಮಾರುಹೋಗಿ ಅಲ್ಲಿಗೇ ನಿಲ್ಲುತ್ತಾರೆ. ಗುಜರಿ ಸಾಮಾನಿನಿಂದ ಗಿಟಾರ್ ಆದದ್ದು ಅಚ್ಚರಿಯೇನಲ್ಲ, ಅದು ಶ್ರುತಿಯಲ್ಲಿ ನಿಂತದ್ದು ಅಚ್ಚರಿ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಯಾವುದು ಒರಟಾಗಿದ್ದರೂ ನಡೆಯುತ್ತದೆ, ಯಾವುದು ಅರ್ಧ ಮಿಲಿಮೀಟರಿನಷ್ಟೂ ತಪ್ಪಬಾರದು ಎಂಬ ವಿವೇಚನೆ ಆ ತಂದೆ-ಮಗನಿಗಿತ್ತು. ಮನೆಯಲ್ಲಿ ಗಿಟಾರ್ ಕಟ್ಟಹೊರಟವರು ಮೊದಲು ತಿಳಿಯಬೇಕಾದದ್ದು ಅದನ್ನೇ.

ಹೊಸಬರು ಸಾಮಾನ್ಯವಾಗಿ ಒಡಲಿನ ಆಕಾರದಿಂದ ಕೆಲಸ ಶುರುಮಾಡುತ್ತಾರೆ. ಕಣ್ಣಿಗೆ ಕಾಣುವುದು ಅದೇ ಆದ್ದರಿಂದ ಇದು ಸಹಜ, ಆದರೂ ತಪ್ಪು. ಮೊದಲು ಗೊತ್ತುಮಾಡಬೇಕಾದದ್ದು ತಂತಿಯ ಉದ್ದ. ಮೇಲ್ತುದಿಯಲ್ಲಿ ತಂತಿ ಕೂರುವ ಸಣ್ಣ ಪಟ್ಟಿಗೆ ನಟ್ ಎಂದು ಹೆಸರು, ಕೆಳತುದಿಯಲ್ಲಿ ಅದು ದಾಟುವ ಆಧಾರಕ್ಕೆ ಬ್ರಿಡ್ಜ್ ಎನ್ನುತ್ತಾರೆ. ವೀಣೆ ಬಲ್ಲವರು ಅದನ್ನು ಕುದುರೆ ಎಂದರೆ ತಕ್ಷಣ ಗುರುತಿಸುತ್ತಾರೆ. ಇವೆರಡರ ನಡುವೆ ಮಿಡಿಯುವ ಉದ್ದವೇ ಸ್ಕೇಲ್ ಉದ್ದ. ಫೆಂಡರ್ ಸ್ಟ್ರಾಟೊಕಾಸ್ಟರ್‌ನಲ್ಲಿ ಅದು ಇಪ್ಪತ್ತೈದೂವರೆ ಇಂಚು, ಅಂದರೆ 647.7 ಮಿಲಿಮೀಟರ್. ರೆಡ್ ಸ್ಪೆಷಲ್‌ಗೆ ಮೇ ಆರಿಸಿಕೊಂಡದ್ದು 24 ಇಂಚು, ಅಂದರೆ 609.6 ಮಿಲಿಮೀಟರ್. ಉದ್ದ ಕಡಿಮೆಯಾದರೆ ಅದೇ ಶ್ರುತಿಗೆ ತಂತಿಯನ್ನು ಅಷ್ಟು ಬಿಗಿಯಬೇಕಾಗಿಲ್ಲ, ಬೆರಳಿನಿಂದ ಅಡ್ಡಕ್ಕೆ ಎಳೆದು ಸ್ವರವನ್ನು ಏರಿಸುವುದು ಸುಲಭವಾಗುತ್ತದೆ. ಅದರ ಬೆಲೆಯಾಗಿ ಮೇಲಿನ ಸ್ವರಗಳ ಮನೆಗಳು ಇಕ್ಕಟ್ಟಾಗುತ್ತವೆ.

ಸ್ಕೇಲ್ ಉದ್ದ ಗೊತ್ತಾದ ಮೇಲೆ ಮೆಟ್ಟಿಲುಗಳ, ಅಂದರೆ ಬೆರಳು ಹಲಗೆಗೆ ಅಡ್ಡಲಾಗಿ ಕೂರುವ ಫ್ರೆಟ್ ಎಂಬ ಪಟ್ಟಿಗಳ, ಜಾಗವನ್ನು ಗಣಿತವೇ ತೀರ್ಮಾನಿಸುತ್ತದೆ. ತಂತಿಯ ಉದ್ದವನ್ನು ಅರ್ಧ ಮಾಡಿದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಆ ಸ್ಥಾಯಿಯನ್ನು 12 ಸಮಾನ ಹೆಜ್ಜೆಗಳಾಗಿ ಹಂಚಬೇಕು. ಸಮಾನ ಎಂದರೆ ಕಿವಿಗೆ ಸಮಾನ, ಅಳತೆಪಟ್ಟಿಗಲ್ಲ. ಆದ್ದರಿಂದ ಪ್ರತಿ ಹೆಜ್ಜೆಯಲ್ಲೂ ಉಳಿದ ಉದ್ದವನ್ನು ಒಂದೇ ಸಂಖ್ಯೆಯಿಂದ ಭಾಗಿಸಿ, ಬಂದಷ್ಟನ್ನು ಕಳೆಯುತ್ತ ಹೋಗಬೇಕು. ಆ ಸಂಖ್ಯೆ 17.817. ರೆಡ್ ಸ್ಪೆಷಲ್‌ನ ಉದ್ದಕ್ಕೆ ಮೊದಲ ಮೆಟ್ಟಿಲು ನಟ್‌ನಿಂದ 34.2 ಮಿಲಿಮೀಟರ್ ದೂರದಲ್ಲಿ ಬರುತ್ತದೆ. ಉಳಿದ 575.4 ಮಿಲಿಮೀಟರನ್ನು ಮತ್ತೆ 17.817ರಿಂದ ಭಾಗಿಸಿದರೆ ಎರಡನೆಯದು ಇನ್ನೂ 32.3 ಮಿಲಿಮೀಟರ್ ಮುಂದೆ. ಹೀಗೆ ಸಾಗಿ 12ನೆಯದು ಸರಿಯಾಗಿ ನಡುವೆ, 304.8ರಲ್ಲಿ, 24ನೆಯದು 457.2ರಲ್ಲಿ ಕೂರುತ್ತದೆ. ಕೊನೆಯ ಎರಡು ಮೆಟ್ಟಿಲುಗಳ ನಡುವಿನ ಅಂತರ 9 ಮಿಲಿಮೀಟರಿಗಿಂತ ತುಸುವೇ ಹೆಚ್ಚು.

ಖಗೋಳಜ್ಞ ಗೆಲಿಲಿಯೋನ ತಂದೆ ವಿಂಚೆಂಜೊ ಗೆಲಿಲಿ, ಯುರೋಪಿನ ಹಳೆಯ ತಂತಿವಾದ್ಯವಾದ ಲ್ಯೂಟ್‌ನ ವಾದಕನಾಗಿದ್ದ. 16ನೆಯ ಶತಮಾನದಲ್ಲೇ ಅವನು ಈ ಲೆಕ್ಕಕ್ಕೆ 18 ಎಂಬ ಸರಳ ಸಂಖ್ಯೆಯನ್ನು ಸೂಚಿಸಿದ್ದ. ಬಾಯಿಲೆಕ್ಕಕ್ಕೆ ಅದು ಅನುಕೂಲವೇ. ಆದರೆ ಮೇ ಅವರ ಉದ್ದಕ್ಕೆ ಅದನ್ನು ಬಳಸಿದರೆ 12ನೆಯ ಮೆಟ್ಟಿಲು ನಡುಬಿಂದುವಿಗೆ 2 ಮಿಲಿಮೀಟರಿಗೂ ಹೆಚ್ಚು ಮೊದಲೇ ಬಂದುಬಿಡುತ್ತದೆ. ಕರುಳಿನ ಮೆಟ್ಟಿಲುಗಳನ್ನು ಕತ್ತಿಗೆ ಕಟ್ಟಿ ಅತ್ತಿತ್ತ ಸರಿಸಬಹುದಾಗಿದ್ದ ಲ್ಯೂಟ್‌ನಲ್ಲಿ ಇದು ನಡೆಯುತ್ತಿತ್ತು. ನಮ್ಮ ವೀಣೆಯಲ್ಲೂ 24 ಮೆಟ್ಟಿಲುಗಳನ್ನು ಮೇಣದ ಮೇಲೆ ಕೂರಿಸಿ, ಕಿವಿಗೊಟ್ಟು ಮೇಳ ಕಟ್ಟುತ್ತಾರೆ. ಸ್ವರ ತಪ್ಪಿದರೆ ಮೇಣವನ್ನು ಮೆದುಮಾಡಿ ಸರಿಪಡಿಸಬಹುದು. ಗಿಟಾರಿಗೆ ಆ ಕ್ಷಮೆ ಇಲ್ಲ. ಹಲಗೆಯಲ್ಲಿ ಸುಮಾರು 0.6 ಮಿಲಿಮೀಟರ್ ಅಗಲದ ಸೀಳು ಕೊಯ್ದು, ಲೋಹದ ಪಟ್ಟಿಯನ್ನು ಬಡಿದು ಕೂರಿಸಿದರೆ ಅದು ಅಲ್ಲಿಗೆ ಮುಗಿದ ಮಾತು.

ಆದ್ದರಿಂದ ಗುರುತು ಹಾಕುವಾಗ ಪ್ರತಿ ಮೆಟ್ಟಿಲಿನ ದೂರವನ್ನೂ ನಟ್‌ನಿಂದಲೇ ಅಳೆಯಬೇಕು, ಹಿಂದಿನ ಮೆಟ್ಟಿಲಿನಿಂದ ಅಲ್ಲ. ಹಿಂದಿನದರಿಂದ ಅಳೆದರೆ ಪ್ರತಿ ಸಲದ ಕೂದಲೆಳೆಯ ತಪ್ಪು ಒಂದರ ಮೇಲೊಂದು ಪೇರಿಸಿಕೊಂಡು ಕೊನೆಗೆ ಕಿವಿಗೆ ಕೇಳುವಷ್ಟಾಗುತ್ತದೆ. ಜೊತೆಗೆ ತಪ್ಪಿನ ತೂಕವೂ ಎಲ್ಲ ಕಡೆ ಒಂದೇ ಅಲ್ಲ. ಅರ್ಧ ಮಿಲಿಮೀಟರಿನ ತಪ್ಪು ಮೊದಲ ಮೆಟ್ಟಿಲಿನಲ್ಲಿ ಆದರೆ ಕಿವಿ ಅದನ್ನು ಬಹುತೇಕ ಮನ್ನಿಸುತ್ತದೆ. ಅದೇ ತಪ್ಪು 24ನೆಯದರಲ್ಲಿ ಆದರೆ, ಅಲ್ಲಿ ಮಿಡಿಯುವ ತಂತಿಯ ಉದ್ದ ಬರೀ 152.4 ಮಿಲಿಮೀಟರ್ ಆದ್ದರಿಂದ, ಸ್ವರ ಸುಮಾರು ನಾಲ್ಕು ಪಟ್ಟು ಹೆಚ್ಚು ಕೆಡುತ್ತದೆ. ಗುರುತಿಗೆ ಪೆನ್ಸಿಲ್ ಬೇಡ, ಹರಿತವಾದ ಚಾಕುವಿನ ಗೀರು ಬೇಕು. ಚೂಪು ಪೆನ್ಸಿಲಿನ ಗೆರೆಯ ದಪ್ಪವೇ ಕಾಲು ಮಿಲಿಮೀಟರನ್ನು ಮೀರಬಹುದು.

ಇನ್ನು ಕತ್ತು. ಗಿಟಾರಿನ ಆರು ತಂತಿಗಳನ್ನು ಶ್ರುತಿಗೆ ಬಿಗಿದಾಗ, ತಂತಿಯ ದಪ್ಪ ಮತ್ತು ಉದ್ದಕ್ಕೆ ತಕ್ಕಂತೆ, ಒಟ್ಟು ಎಳೆತ 35ರಿಂದ 50 ಕಿಲೋ ತೂಕ ನೇತುಹಾಕಿದಷ್ಟಿರುತ್ತದೆ. ಹಗಲು ರಾತ್ರಿ, ವರ್ಷಗಟ್ಟಲೆ, ಅಷ್ಟು ಭಾರ ಎರಡು ಬೆರಳು ಅಗಲದ ಮರದ ಪಟ್ಟಿಯನ್ನು ಮುಂದಕ್ಕೆ ಬಾಗಿಸಲು ನೋಡುತ್ತಿರುತ್ತದೆ. ಮರದ ಬಿಗುವು ದಪ್ಪದ ಘನಕ್ಕೆ ಅನುಗುಣವಾಗಿ ಏರುತ್ತದೆಂಬುದನ್ನು ಇಲ್ಲಿ ನೆನಪಿಡಬೇಕು. ದಪ್ಪವನ್ನು 20ರಿಂದ 22 ಮಿಲಿಮೀಟರಿಗೆ ಏರಿಸಿದರೆ ಕತ್ತು ಸುಮಾರು ಮೂರನೆಯ ಒಂದು ಪಾಲು ಹೆಚ್ಚು ಗಟ್ಟಿಯಾಗುತ್ತದೆ. ರೆಡ್ ಸ್ಪೆಷಲ್‌ನ ಕತ್ತು ಹಿಡಿದವರೆಲ್ಲ ಅದರ ದಪ್ಪದ ಬಗ್ಗೆ ಮಾತಾಡುತ್ತಾರೆ. ನನ್ನ ಮಟ್ಟಿಗೆ, ಕೈಯಲ್ಲಿ ಮೊದಲ ಬಾರಿ ಗಿಟಾರ್ ಮಾಡುವವರಿಗೆ ಆ ದಪ್ಪ ಒಂದು ಒಳ್ಳೆಯ ಮಾದರಿ. ತೆಳುವಾಗಿಸುವುದು ಆಮೇಲೂ ಸಾಧ್ಯ, ಕೆತ್ತಿ ಹೋದ ಮರ ಮರಳಿ ಬರುವುದಿಲ್ಲ.

ದಪ್ಪ ಒಂದರಿಂದಲೇ ಕೆಲಸ ಮುಗಿಯದ ಕಾರಣ ಕತ್ತಿನೊಳಗೆ ಉಕ್ಕಿನ ಸರಳೊಂದನ್ನು ಹುದುಗಿಸುತ್ತಾರೆ. ಟ್ರಸ್ ರಾಡ್ ಎಂಬ ಈ ಏರ್ಪಾಡಿಗೆ ಗಿಬ್ಸನ್ ಕಂಪನಿಯ ಥ್ಯಾಡಿಯಸ್ ಮ್ಯಾಕ್‌ಹ್ಯೂ 1921ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು. ತುದಿಯ ತಿರುಪನ್ನು ಬಿಗಿದಾಗ ಸರಳು ಕತ್ತನ್ನು ಹಿಂದಕ್ಕೆ ಎಳೆಯುತ್ತದೆ, ತಂತಿಗಳು ಮುಂದಕ್ಕೆ ಎಳೆಯುತ್ತವೆ, ಎರಡರ ಹಗ್ಗಜಗ್ಗಾಟದಲ್ಲಿ ಕತ್ತು ನೇರ ನಿಲ್ಲುತ್ತದೆ. ಇಂದು ಇದು ಸಿದ್ಧವಾಗಿ ಸಿಗುವುದರಿಂದ ಕೊಳ್ಳುವುದೇ ಲೇಸು; ಮೇ ಅವರಂತೆ ಉಕ್ಕನ್ನು ಕಾಯಿಸಿ ಬಾಗಿಸುವ ಸಾಹಸ ಅಗತ್ಯವಿಲ್ಲ. ಕತ್ತನ್ನು ಒಡಲಿಗೆ ಜೋಡಿಸುವುದಕ್ಕೆ ಅಂಟು, ಬೋಲ್ಟ್ ಎರಡೂ ದಾರಿಗಳಿವೆ. 1950ರಲ್ಲಿ ಲಿಯೋ ಫೆಂಡರ್ ಮಾರುಕಟ್ಟೆಗೆ ತಂದ ಗಿಟಾರುಗಳಲ್ಲಿ ಕತ್ತು ತಿರುಪುಗಳಿಂದ ಕೂರುತ್ತಿತ್ತು. ಮನೆಯ ಕೆಲಸಕ್ಕೂ ಅದೇ ಸರಿ, ಏಕೆಂದರೆ ಕೋನ ತಪ್ಪಿದರೆ ಬಿಚ್ಚಿ ತೆಳುವಾದ ಮರದ ಚೂರನ್ನು ಒಳಗಿಟ್ಟು ಸರಿಪಡಿಸಬಹುದು.

ಆ ಕೋನವನ್ನು ತಿಳಿಯಲು ಒಂದೇ ಉಪಾಯವಿದೆ: ಗಿಟಾರಿನ ಪಕ್ಕನೋಟವನ್ನು ಪೂರ್ಣ ಅಳತೆಯಲ್ಲಿ ಕಾಗದದ ಮೇಲೆ ಬರೆಯುವುದು. ಬೆರಳು ಹಲಗೆಯ ದಪ್ಪ, ಮೆಟ್ಟಿಲಿನ ಎತ್ತರ, ಬ್ರಿಡ್ಜ್‌ನ ಎತ್ತರ ಎಲ್ಲವನ್ನೂ ಇಟ್ಟು ತಂತಿಯ ಗೆರೆ ಎಳೆದಾಗ, ಅದು ಹಲಗೆಗೆ ತಾಗುತ್ತದೋ ಒಂದು ಬೆರಳು ಮೇಲೆ ತೇಲುತ್ತದೋ ಎಂಬುದು ಮರ ಕೊಯ್ಯುವ ಮೊದಲೇ ಕಾಣುತ್ತದೆ. ಮೇಲುನೋಟದ ಚಿತ್ರದಲ್ಲಿ ನಡುಗೆರೆಯೊಂದನ್ನು ನಟ್‌ನಿಂದ ಬ್ರಿಡ್ಜ್‌ವರೆಗೆ ಎಳೆದು, ಮರದ ಮೇಲೂ ಅದನ್ನು ಕೊನೆಯ ದಿನದವರೆಗೆ ಅಳಿಸದೆ ಉಳಿಸಿಕೊಳ್ಳಬೇಕು.

ಮರದ ವಿಷಯ ಬಂದಾಗ ಗಿಟಾರ್ ಪ್ರಿಯರ ನಡುವೆ ಜಗಳ ಏಳುವುದು ಖಂಡಿತ. ಯಾವ ಮರಕ್ಕೆ ಯಾವ ನಾದ ಎಂಬ ಪಟ್ಟಿಗಳಿಗೆ ಕೊರತೆಯಿಲ್ಲ. ಟೊಳ್ಳು ಒಡಲಿನ ಗಿಟಾರಿನಲ್ಲಾಗಲಿ ವೀಣೆಯಲ್ಲಾಗಲಿ ಮರವೇ ಗಾಳಿಯನ್ನು ಅಲುಗಿಸಿ ನಾದ ಹೊಮ್ಮಿಸುತ್ತದೆ, ಆದ್ದರಿಂದ ಅಲ್ಲಿ ಮರವೇ ವಾದ್ಯ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಧ್ವನಿವರ್ಧಕಕ್ಕೆ ಹೋಗುವುದು ತಂತಿಯ ಅಲುಗಾಟದಿಂದ ಹುಟ್ಟಿದ ವಿದ್ಯುತ್ತು. 1940ರ ಸುಮಾರಿಗೆ ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ ನ್ಯೂಯಾರ್ಕಿನ ಎಪಿಫೋನ್ ಗಿಟಾರ್ ಕಾರ್ಖಾನೆಯಲ್ಲಿ ನಾಲ್ಕು ಇಂಚು ಚೌಕದ ತೊಲೆಯೊಂದಕ್ಕೆ ಕತ್ತು, ತಂತಿಗಳು ಮತ್ತು ಅವುಗಳ ಅಲುಗಾಟವನ್ನು ವಿದ್ಯುತ್ತಾಗಿಸುವ ಪಿಕಪ್ ಜೋಡಿಸಿ ನುಡಿಸಿದರು. ಗಿಟಾರಿನಂತೆ ಕಾಣಲೆಂದು ಎರಡೂ ಬದಿಗೆ ಹಳೆಯ ಗಿಟಾರಿನ ಹೋಳುಗಳನ್ನು ಸಿಕ್ಕಿಸಿದರು. ಮರ ಏನನ್ನೂ ಮಾಡುವುದಿಲ್ಲವೆಂದು ಇದರಿಂದ ಹೇಳಲಾಗದು. ತೂಕ, ಬಿಗುವು, ತಂತಿಯ ಅಲುಗಾಟ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದರಲ್ಲಿ ಅದರ ಪಾಲಿದೆ. ರೆಡ್ ಸ್ಪೆಷಲ್‌ನ ಒಡಲಿನಲ್ಲಿ ಟೊಳ್ಳು ಜಾಗಗಳನ್ನು ಬಿಟ್ಟದ್ದೂ, ಧ್ವನಿವರ್ಧಕದ ಸದ್ದಿಗೆ ವಾದ್ಯ ಮರುದನಿಗೊಟ್ಟು ತಂತಿ ತಾನಾಗಿ ಹಾಡಲಿ ಎಂಬ ಎಣಿಕೆಯಿಂದಲೇ. ಆದರೆ ಹೊಸಬರು ಹಣ ಉಳಿಸಬೇಕಾದ ಜಾಗ ಒಡಲಿನ ಮರವೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಜಗತ್ತಿನ ಗಿಟಾರುಗಳ ಬೆರಳು ಹಲಗೆಗೂ ಕರ್ನಾಟಕದ ಕಾಡಿಗೂ ನೇರ ನಂಟಿದೆ. ಬ್ರೆಜಿಲ್‌ನ ರೋಸ್‌ವುಡ್ಡಿನ ವ್ಯಾಪಾರವನ್ನು 1992ರಲ್ಲಿ ಅಂತರರಾಷ್ಟ್ರೀಯ ಒಪ್ಪಂದ ಬಹುತೇಕ ಮುಚ್ಚಿದ ಮೇಲೆ, ಪಶ್ಚಿಮ ಘಟ್ಟದಲ್ಲೂ ಬೆಳೆಯುವ ನಮ್ಮ ಬೀಟೆಗೆ, ಹೊರಗಿನವರು ಇಂಡಿಯನ್ ರೋಸ್‌ವುಡ್ ಎಂದು ಕರೆಯುವ ಮರಕ್ಕೆ, ಬೇಡಿಕೆ ಇನ್ನಷ್ಟು ಏರಿತು. 2017ರ ಜನವರಿಯಿಂದ ಬೀಟೆಯ ಇಡೀ ಕುಲವೇ ನಿಯಂತ್ರಣದ ಪಟ್ಟಿಗೆ ಸೇರಿತು. ಸಿದ್ಧ ಸಂಗೀತವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆಯಿತು. ಇಲ್ಲಿ ಬೀಟೆಯ ಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಆದರೆ ಬೆರಳು ಹಲಗೆಗೆ ಬೇಕಾದದ್ದು ಒಂದೂವರೆ ಅಡಿ ಉದ್ದದ, ಆರೇಳು ಮಿಲಿಮೀಟರ್ ದಪ್ಪದ ಪಟ್ಟಿ ಮಾತ್ರ. ಹಳೆಯ ಮನೆ ಕೆಡವುವಾಗ ಸಿಗುವ ಬಾಗಿಲ ಚೌಕಟ್ಟು, ಮುರಿದ ಮಂಚದ ಕಾಲು, ಸಾಗುವಾನಿಯ ತೊಲೆ ಇವೆಲ್ಲ ಮೇ ಅವರ ಅಗ್ಗಿಷ್ಟಿಕೆಯ ಸಂಬಂಧಿಗಳೇ. ದಶಕಗಳ ಕಾಲ ಒಣಗಿದ ಮರ ತನ್ನ ಡೊಂಕುಗಳನ್ನೆಲ್ಲ ಆಗಲೇ ಮುಗಿಸಿರುತ್ತದೆ. ಗರಗಸ ಹಾಕುವ ಮೊದಲು ಅಯಸ್ಕಾಂತವನ್ನು ಮೇಲೆ ಆಡಿಸಿ ಒಳಗೆ ಮೊಳೆ ಉಳಿದಿದೆಯೇ ಎಂದು ನೋಡಿಕೊಂಡರೆ ಸಾಕು.

ಮಲೆನಾಡು, ಕರಾವಳಿಗಳಲ್ಲಿ ಮಾಡುವವರು ತೇವವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮರ ಎಳೆಯ ಉದ್ದಕ್ಕೆ ಹಿಗ್ಗುವುದು ತೀರ ಕಡಿಮೆ, ಅಡ್ಡಕ್ಕೆ ಹಿಗ್ಗುವುದು ಹೆಚ್ಚು. ಹೀಗಾಗಿ ಮಳೆಗಾಲದಲ್ಲಿ ಸ್ಕೇಲ್ ಉದ್ದ ಬದಲಾಗುವುದಿಲ್ಲ, ಆದರೆ ಕತ್ತಿನ ಬಾಗು ಬದಲಾಗುತ್ತದೆ. ಬೇಸಿಗೆಯಲ್ಲಿ ಹಲಗೆ ಅಗಲದಲ್ಲಿ ಕುಗ್ಗಿ, ಮೆಟ್ಟಿಲುಗಳ ತುದಿಗಳು ಅಂಚಿನಿಂದ ಹೊರಚಾಚಿ ಅಂಗೈಯನ್ನು ಗೀರುತ್ತವೆ.

ಪಿಕಪ್ ಎಂಬುದು ಸರಳವಾದ, ಆದರೆ ಜಾಣತನದ ವಸ್ತು. ಅಯಸ್ಕಾಂತದ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು, ಸಾಮಾನ್ಯ ಮಾದರಿಗಳಲ್ಲಿ ಏಳೆಂಟು ಸಾವಿರದಷ್ಟು, ಸುತ್ತಿರುತ್ತಾರೆ. ಮೇಲಿರುವ ಉಕ್ಕಿನ ತಂತಿ ಅಯಸ್ಕಾಂತದ ಪ್ರಭಾವದಿಂದ ತಾನೂ ಅಷ್ಟಿಷ್ಟು ಅಯಸ್ಕಾಂತವಾಗುತ್ತದೆ. ಅದು ಅಲುಗಿದಾಗ ಸುರುಳಿಯನ್ನು ಹಾಯುವ ಕಾಂತಕ್ಷೇತ್ರ ಅದೇ ಲಯದಲ್ಲಿ ಏರಿಳಿದು, ಫ್ಯಾರಡೇ ತೋರಿಸಿಕೊಟ್ಟ ನಿಯಮದಂತೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ನೈಲಾನ್ ತಂತಿ ಹಾಕಿದರೆ ಪಿಕಪ್‌ಗೆ ಏನೂ ಕೇಳಿಸುವುದಿಲ್ಲ.

ಮೇ ಮೊದಲು ತಮ್ಮ ಕೈಯಾರೆ ಸುತ್ತಿದ ಪಿಕಪ್‌ಗಳನ್ನೇ ಹಾಕಿದ್ದರು. ಅವುಗಳ ನಾದ ಚೆನ್ನಾಗಿಯೇ ಇತ್ತು, ಆದರೆ ತಂತಿಯನ್ನು ಅಡ್ಡಕ್ಕೆ ಎಳೆದಾಗ ವಿಚಿತ್ರವಾದ ಸದ್ದು ಕೇಳಿಸುತ್ತಿತ್ತು. ಅಯಸ್ಕಾಂತದ ಧ್ರುವಗಳನ್ನು ಜೋಡಿಸಿದ್ದ ರೀತಿಯೇ ಅದಕ್ಕೆ ಕಾರಣ: ತಂತಿ ಒಂದು ಧ್ರುವದ ವಲಯ ಬಿಟ್ಟು ಇನ್ನೊಂದಕ್ಕೆ ಜಾರುತ್ತಿತ್ತು. ಕೊನೆಗೆ ಅವರು ಬರ್ನ್ಸ್ ಕಂಪನಿಯ ಟ್ರೈಸಾನಿಕ್ ಪಿಕಪ್‌ಗಳನ್ನು ಮೂರು ಕೊಂಡರು. ಅವುಗಳ ಒಳಗೆ ಬಿಡಿಬಿಡಿ ಗುಂಡಿಗಳ ಬದಲು ಪಟ್ಟಿಯಾಕಾರದ ಅಯಸ್ಕಾಂತವಿದೆ. ಜೋರು ಸದ್ದಿನಲ್ಲಿ ಸುರುಳಿಯೇ ನಡುಗಿ ಕಿರುಚದಂತೆ ಒಳಗೆ ಆರಾಲ್ಡೈಟ್ ಅಂಟನ್ನು ತುಂಬಿದರು. ಗಿಟಾರಿನಲ್ಲಿ ಗಮಕ ನುಡಿಸಬೇಕೆನ್ನುವ ಕರ್ನಾಟಕ ಸಂಗೀತಗಾರರಿಗೆ ಈ ಪ್ರಸಂಗ ಉಳಿದವರಿಗಿಂತ ಹೆಚ್ಚು ಉಪಯುಕ್ತ, ಏಕೆಂದರೆ ತಂತಿಯನ್ನು ಅಡ್ಡಕ್ಕೆ ಎಳೆಯುವುದು ಅವರಿಗೆ ಅಪರೂಪದ ಅಲಂಕಾರವಲ್ಲ, ನುಡಿಯ ಜೀವವೇ ಅದು.

ಪಿಕಪ್ ಎಲ್ಲಿ ಕೂರುತ್ತದೆ ಎಂಬುದು ನಾದವನ್ನು ಮರಕ್ಕಿಂತ ಬಹಳ ಹೆಚ್ಚಾಗಿ ಬದಲಿಸುತ್ತದೆ. ಬ್ರಿಡ್ಜ್‌ನ ಹತ್ತಿರ ತಂತಿಯ ಮೂಲಸ್ವರದ ಅಲುಗಾಟ ತೀರ ಕಡಿಮೆ, ಮೇಲಿನ ಅನುಸ್ವರಗಳ ಪಾಲು ಹೋಲಿಕೆಯಲ್ಲಿ ಹೆಚ್ಚು. ಆದ್ದರಿಂದ ಅಲ್ಲಿಯ ನಾದ ಚುರುಕು, ತೆಳು. ಕತ್ತಿನ ಕಡೆಗೆ ಸರಿದಂತೆ ಅದು ದುಂಡಗಾಗುತ್ತದೆ. 24 ಮೆಟ್ಟಿಲುಗಳ ಗಿಟಾರಿನಲ್ಲಿ ಬೆರಳು ಹಲಗೆಯೇ ತಂತಿಯ ಮುಕ್ಕಾಲು ಭಾಗದವರೆಗೆ ಚಾಚಿರುವುದರಿಂದ ಕತ್ತಿನ ಪಿಕಪ್ ಅನಿವಾರ್ಯವಾಗಿ ಬ್ರಿಡ್ಜ್‌ನ ಕಡೆಗೆ ತುಸು ಸರಿಯಬೇಕಾಗುತ್ತದೆ ಎಂಬುದನ್ನು ಚಿತ್ರ ಬರೆಯುವಾಗಲೇ ಯೋಚಿಸಬೇಕು.

ರೆಡ್ ಸ್ಪೆಷಲ್‌ನ ವೈರಿಂಗ್ ಇನ್ನೂ ವಿಶಿಷ್ಟ. ಮೂರು ಪಿಕಪ್‌ಗಳೂ ಸರಣಿಯಲ್ಲಿವೆ, ಅಂದರೆ ಒಂದರ ವೋಲ್ಟೇಜಿಗೆ ಇನ್ನೊಂದರದು ಕೂಡುತ್ತದೆ. ಪ್ರತಿಯೊಂದಕ್ಕೂ ಎರಡು ಸ್ವಿಚ್: ಒಂದು ಅದನ್ನು ಸೇರಿಸಲು ಇಲ್ಲವೆ ಬಿಡಲು, ಇನ್ನೊಂದು ಅದರ ದಿಕ್ಕನ್ನು ತಿರುವಿಹಾಕಲು. ದಿಕ್ಕು ತಿರುವಿದ ಪಿಕಪ್ ಪಕ್ಕದ್ದರೊಡನೆ ಕೂಡಿದಾಗ ಎರಡರಲ್ಲೂ ಸಮಾನವಾಗಿದ್ದ ಮೂಲಸ್ವರ ಬಹುಪಾಲು ರದ್ದಾಗಿ, ವ್ಯತ್ಯಾಸ ಮಾತ್ರ ಉಳಿದು, ಚೀರುವಂಥ ನಾದ ಬರುತ್ತದೆ. ಇದೇ ಗಣಿತವನ್ನು ತಿರುಗುಮುರುಗಾಗಿಸಿದರೆ 1955ರಲ್ಲಿ ಗಿಬ್ಸನ್‌ನ ಸೆತ್ ಲವರ್ ರೂಪಿಸಿದ ಹಂಬಕರ್ ಸಿಗುತ್ತದೆ. ಅಕ್ಕಪಕ್ಕದ ಎರಡು ಸುರುಳಿಗಳಲ್ಲಿ ಸುತ್ತಿನ ದಿಕ್ಕನ್ನೂ ಅಯಸ್ಕಾಂತದ ಧ್ರುವವನ್ನೂ ತಿರುವಿದರೆ ತಂತಿಯ ಸಂಕೇತ ಕೂಡುತ್ತದೆ, ಮನೆಯ ವೈರುಗಳಿಂದ ಬರುವ 50 ಹರ್ಟ್ಸ್‌ನ ಗುಂಯ್ ಎನ್ನುವ ಸದ್ದು ಕಳೆಯುತ್ತದೆ.

ಮೊದಲ ಗಿಟಾರಿಗೆ ಇಷ್ಟೆಲ್ಲ ಬೇಡ. ಎರಡು ಪಿಕಪ್, ಮೂರು ಸ್ಥಾನಗಳ ಒಂದು ಸ್ವಿಚ್, ಒಂದು ವಾಲ್ಯೂಮ್, ಒಂದು ಟೋನ್ ಸಾಕು. ಒಂಟಿ ಸುರುಳಿಯ ಪಿಕಪ್‌ಗೆ 250 ಕಿಲೋ ಓಮ್, ಹಂಬಕರ್‌ಗೆ 500 ಕಿಲೋ ಓಮ್ ಪೊಟೆನ್ಶಿಯೋಮೀಟರ್, ಅಂದರೆ ವಾಲ್ಯೂಮ್, ಟೋನ್‌ಗಳ ಗುಂಡಿಯಡಿ ಕೂರುವ ತಿರುಗಿಸಬಲ್ಲ ರೋಧಕ, ಹಾಕುವುದು ವಾಡಿಕೆ. ವೈರಿಂಗ್ ಕುಳಿಯ ಒಳಗೋಡೆಗೆ ತಾಮ್ರದ ಹಾಳೆ ಅಂಟಿಸಿ ಭೂಸಂಪರ್ಕದ ತಂತಿಗೆ ಸೇರಿಸಿದರೆ ಗದ್ದಲ ಬಹಳಷ್ಟು ತಗ್ಗುತ್ತದೆ. ಬ್ರಿಡ್ಜ್‌ನಿಂದಲೂ ಒಂದು ತಂತಿ ಅದಕ್ಕೇ ಬರಬೇಕು. ಗಿಟಾರಿನೊಳಗೆ ಹುಟ್ಟುವ ವಿದ್ಯುತ್ತು ಯಾರಿಗೂ ಅಪಾಯ ಮಾಡುವಷ್ಟಲ್ಲ. ಆದರೆ ಈ ಏರ್ಪಾಡಿನಲ್ಲಿ ನುಡಿಸುವವರ ಬೆರಳು ನೇರವಾಗಿ ಧ್ವನಿವರ್ಧಕದ ಭೂಸಂಪರ್ಕಕ್ಕೆ ತಗುಲಿರುವುದರಿಂದ, ಮೂರು ಪಿನ್ನಿನ ಪ್ಲಗ್ಗೂ ನಿಜವಾಗಿ ಕೆಲಸ ಮಾಡುವ ಅರ್ತಿಂಗೂ ಇಲ್ಲದ ಮನೆಯಲ್ಲಿ ಧ್ವನಿವರ್ಧಕಕ್ಕೆ ಅದನ್ನು ಜೋಡಿಸಲೇಬಾರದು.

ಸ್ವರವನ್ನು ತೂಗಿಸುವ ಸನ್ನೆಕೋಲು, ಅಂದರೆ ಟ್ರೆಮೊಲೊ, ರೆಡ್ ಸ್ಪೆಷಲ್‌ನ ಅತ್ಯಂತ ಜಾಣ ಭಾಗ. ಸನ್ನೆ ಒತ್ತಿ ಬಿಟ್ಟ ಮೇಲೆ ತಂತಿ ಹಳೆಯ ಶ್ರುತಿಗೇ ಮರಳಬೇಕಾದರೆ ಎಲ್ಲೂ ಉಜ್ಜಾಟ ಇರಬಾರದು. ಅದಕ್ಕಾಗಿ ಹಳೆಯ ಚಾಕುವಿನ ಅಲಗನ್ನು ತಕ್ಕಡಿಯ ಮುಳ್ಳಿನಂತೆ ಆಧಾರವಾಗಿಸಿ, ಅದರ ಮೇಲೆ ಇಡೀ ಉಕ್ಕಿನ ಫಲಕ ತೂಗುವಂತೆ ಮಾಡಿದರು. ತಂತಿಗಳ ಎಳೆತಕ್ಕೆ ಎದುರಾಗಿ 1928ರ ಪ್ಯಾಂಥರ್ ಮೋಟಾರ್‌ಸೈಕಲ್ಲಿನ ಎರಡು ವಾಲ್ವ್ ಸ್ಪ್ರಿಂಗುಗಳನ್ನು ಇಟ್ಟರು, ಬ್ರಿಡ್ಜ್‌ನಲ್ಲಿ ತಂತಿ ಉರುಳುವಂತೆ ಪುಟ್ಟ ರೋಲರುಗಳನ್ನು ಕೂರಿಸಿದರು. ಸನ್ನೆಯ ತುದಿಗೆ ಬಂದದ್ದು ತಾಯಿಯ ಹೆಣಿಗೆ ಕಡ್ಡಿ. ಇದನ್ನು ಓದಿ ಉತ್ಸಾಹ ಬರುವುದು ಸಹಜ, ಆದರೂ ಮೊದಲ ಗಿಟಾರಿಗೆ ಅಲುಗದ ಬ್ರಿಡ್ಜ್ ಒಂದನ್ನು ಕೊಂಡು ತಿರುಪು ಹಾಕುವುದೇ ಬುದ್ಧಿವಂತಿಕೆ.

ಬ್ರಿಡ್ಜ್ ಕೂರಿಸುವಾಗ ಲೆಕ್ಕದ ಸ್ಕೇಲ್ ಉದ್ದಕ್ಕೇ ಸರಿಯಾಗಿ ಕೂರಿಸಿದರೆ ಗಿಟಾರ್ ಮೇಲಿನ ಮನೆಗಳಲ್ಲಿ ಏರುಸ್ವರವಾಗಿಯೇ ನುಡಿಯುತ್ತದೆ. ಬೆರಳಿನಿಂದ ಒತ್ತುವಾಗ ತಂತಿ ತುಸು ಹಿಗ್ಗಿ ಬಿಗಿಯಾಗುವುದೇ ಕಾರಣ. ಅದನ್ನು ಸರಿದೂಗಿಸಲು ತಂತಿಯ ಆಧಾರಗಳು ಒಂದೆರಡರಿಂದ ನಾಲ್ಕು ಮಿಲಿಮೀಟರಿನವರೆಗೆ ಹಿಂದಕ್ಕೆ ಸರಿಯುವಂತಿರಬೇಕು. ದಪ್ಪ ತಂತಿಗೆ ಹೆಚ್ಚು, ತೆಳು ತಂತಿಗೆ ಕಡಿಮೆ. 12ನೆಯ ಮೆಟ್ಟಿಲಿನ ಮೇಲೆ ಬೆರಳನ್ನು ತಾಗಿಸಿ ಬಿಟ್ಟು ನುಡಿಸಿದ ಸ್ವರವೂ ಅಲ್ಲೇ ಒತ್ತಿ ನುಡಿಸಿದ ಸ್ವರವೂ ಒಂದೇ ಆಗುವವರೆಗೆ ತಿರುಪು ತಿರುಗಿಸುತ್ತ ಹೋಗಬೇಕು.

ಬಣ್ಣ, ಮೆರುಗುಗಳಿಗೆ ಮೊದಲೇ, ಬರಿ ಮರದಲ್ಲಿಯೇ ಒಮ್ಮೆ ಎಲ್ಲ ಜೋಡಿಸಿ ತಂತಿ ಹಾಕಿ ಒಂದು ವಾರ ಬಿಡಬೇಕು. ಆಗ ಕತ್ತು ಭಾರಕ್ಕೆ ಹೊಂದಿಕೊಳ್ಳುತ್ತದೆ. ದಪ್ಪ ತಂತಿಯನ್ನು ಮೊದಲ ಮತ್ತು ಕೊನೆಯ ಮೆಟ್ಟಿಲಿನಲ್ಲಿ ಒತ್ತಿ ಹಿಡಿದಾಗ ಏಳೆಂಟನೆಯ ಮೆಟ್ಟಿಲಿನ ಬಳಿ ಸುಮಾರು 0.2 ಮಿಲಿಮೀಟರ್ ಸಂದು ಕಾಣುವಂತೆ ಟ್ರಸ್ ರಾಡ್ ಬಿಗಿಯಬೇಕು. ನಂತರ ಎತ್ತರ ತಗ್ಗುಗಳಿರುವ ಮೆಟ್ಟಿಲುಗಳನ್ನು ಚಪ್ಪಟೆ ಅರದಿಂದ ಒಂದೇ ಮಟ್ಟಕ್ಕೆ ತಂದು, ತಲೆಗಳನ್ನು ಮತ್ತೆ ದುಂಡಗಾಗಿಸಬೇಕು. 12ನೆಯ ಮೆಟ್ಟಿಲಿನಲ್ಲಿ ದಪ್ಪ ತಂತಿ 2 ಮಿಲಿಮೀಟರ್, ತೆಳು ತಂತಿ 1.5 ಮಿಲಿಮೀಟರ್ ಎತ್ತರದಲ್ಲಿದ್ದೂ ಎಲ್ಲೂ ಗರಗರ ಎನ್ನದಿದ್ದರೆ ಬಣ್ಣದ ಕೆಲಸಕ್ಕೆ ಬಿಚ್ಚಬಹುದು. ಟ್ರಸ್ ರಾಡ್‌ನ ಕೀಲಿಯನ್ನು ಮಾತ್ರ ಮುಂದಿನ ಮಳೆಗಾಲ ಮುಗಿಯುವವರೆಗೆ ಗಿಟಾರಿನ ಚೀಲದಲ್ಲೇ ಇಟ್ಟುಕೊಂಡಿರಬೇಕು.